ಚಕ್ರದೊಳಗಿನ ಹಿಮ

ರೀ,

ಇಲ್ಲಿ ಈ ಸಲ ಹಿಮವೇ ಬಿದ್ದಿಲ್ಲ. ನಿಮ್ಮ ಕಚೇರಿಯ ಊರಲ್ಲೂ ಇಲ್ಲವೆಂದು ನೀವೇ ಹೇಳಿದ್ದಿರಿ.

ನೀವು ಕಾರು ಮನೆಯಲ್ಲಿ ಬಿಟ್ಟು ರೈಲು ಹತ್ತಿದ ಬೆಳಿಗ್ಗೆ ನಾನು ಅದನ್ನು ಹೆದ್ದಾರಿಗೆ ಒಯ್ದೆ. ವೇಗ ಎಂಬತ್ತು ದಾಟಿದ್ದೇ ತಡ, ಸ್ಟಿಯರಿಂಗ್ ಗಡಗಡ ನಡುಗಿತು. ಗ್ಯಾರೇಜಿನ ಕುಡೋ ಚಕ್ರ ಬಿಚ್ಚಿ ನಕ್ಕ. "ಒಳಗೆ ಹಿಮ ಮೆತ್ಕೊಂಡು ಕಲ್ಲಾಗಿದೆ ಅಕ್ಕ, ತೂಕ ಒಂದ್ಕಡೆಗೆ ವಾಲಿದೆ. ಯಜಮಾನ್ರು ಯಾವ ಬೆಟ್ಟ ಹತ್ತಿದ್ರು?" ಕೆರೆದು ತೆಗೆದ ಮೇಲೆ ಕಾರಿನ ನಡುಕ ನಿಂತಿತು, ನನ್ನ ಅನುಮಾನ ನಿಲ್ಲಲಿಲ್ಲ.

ಯಾವಳಿರಬಹುದು ಎಂದುಕೊಂಡೇ ಡಿಕ್ಕಿ ತೆರೆದೆ. ಒದ್ದೆ ಸಲಿಕೆ, ಹೊಗೆಯಲ್ಲಿ ಒಣಗಿಸಿದ ಮೂಲಂಗಿಯ ಉಪ್ಪಿನಕಾಯಿ. ಅದು ಆಳೆತ್ತರ ಹಿಮ ಬೀಳುವ ಅಕಿತಾದಲ್ಲಿರುವ ನಿಮ್ಮಮ್ಮನ ಕೈರುಚಿ. ಅವರು ನನ್ನನ್ನು ಹೊರಗಟ್ಟಿದ ದಿನ, ಇನ್ನು ಆ ಹೊಸಿಲು ತುಳಿಯುವುದಿಲ್ಲ ಎಂದವರು ನೀವು.

ಉಪ್ಪಿನಕಾಯಿ ತಿಂದು ಮುಗಿಸಿದೆ. ಮುಂದಿನ ಸಲ ಅವರ ಮಾಡಿನ ಹಿಮ ಇಳಿಸಲು ಹೋಗುವಾಗ ಎರಡು ಸಲಿಕೆ ಇಡಿ.

ಚಿಹಾರು