ಸರ್ವರ್ ಕೋಣೆಯ ಇಟ್ಟಿಗೆ

ಸೆಪ್ಟೆಂಬರ್ 16, ಮಂಗಳವಾರ. ಗಾಜುವಾಕ.

ತಲೆ ಸಿಡಿಯುತ್ತಿದೆ. ಕಾಲೇಜಿನ ಭದ್ರತೆಗೆ ಎಲ್ಲೆಲ್ಲಿ ಅಪಾಯವಿದೆ, ಸುತ್ತಾಡಿ ಕಂಡದ್ದನ್ನು ಬರೆದು ತನ್ನಿ ಎಂದಿದ್ದೆ. ನಲವತ್ತು ಮಂದಿಯೂ ‘ವಿದೇಶಿ ಹ್ಯಾಕರ್‌ಗಳು’ ಎಂದು ಒಂದೇ ಅಚ್ಚಿನಲ್ಲಿ ಬರೆದು ತಂದರು. ಸರ್ವರ್ ಕೋಣೆಯ ಬಾಗಿಲು ಮುಚ್ಚದಂತೆ ಇಟ್ಟಿಗೆ ಇಟ್ಟು ನಾಲ್ಕು ತಿಂಗಳಾಯಿತು. ಯಾರು ಬೇಕಾದರೂ ಒಳಗೆ ಹೋಗಬಹುದು. ಅದು ಒಬ್ಬರ ಕಣ್ಣಿಗೂ ಬೀಳಲಿಲ್ಲವೇ ಎಂದು ಕೂಗಾಡಿದೆ.

ತರಗತಿ ಮುಗಿದ ಮೇಲೆ ಜಾಹ್ನವಿ ಬಂದಳು. ಇಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಧಾರವಾಡದವರ ಮಗಳು. ಮಾತಿನಲ್ಲಿ ತೆಲುಗು ನುಸುಳುತ್ತದೆ.

“ಎಲ್ಲಾರೂ ನೋಡೇವ್ರಿ ಸರ. ಎ.ಸಿ. ಕೆಟ್ಟಾಗ ಆ ಇಟ್ಟಂಗಿ ಇಟ್ಟಾವ್ರು ನೀವ ಕದಾ, ಹೌದಲ್ರಿ? ಮಾರ್ಕ್ಸ್ ಹಾಕಾವ್ರೂ ನೀವ.”

ಹದಿನಾರು ವರ್ಷದಿಂದ ಅಪಾಯ ಗುರುತಿಸುವುದನ್ನೇ ಕಲಿಸುತ್ತಿದ್ದೇನೆ. ಆ ಅಪಾಯಗಳಲ್ಲಿ ನನ್ನನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಇಟ್ಟಿಗೆಯನ್ನೇನೋ ಸಂಜೆಯೇ ತೆಗೆದೆ. ಆದರೆ ನನ್ನ ಬಗ್ಗೆ ಅವರಿಗಿರುವ ಹೆದರಿಕೆಯನ್ನು...