ಶೇಕಡಾ ಹದಿನಾಲ್ಕಕ್ಕೆ ಸೋತ ನನ್ನ ಹೆಸರು

ಅಮೆರಿಕದ ಅಧ್ಯಕ್ಷೀಯ ಪ್ರೈಮರಿಗಳಲ್ಲಿ ಯಾರಿಗೆ ಎಷ್ಟು ಪ್ರತಿನಿಧಿಗಳು ಸಿಗಬೇಕೆಂದು ನಿಯಮ ಬರೆಯುವ ಪಕ್ಷದ ಸಮಿತಿಯ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ, ನಿಮ್ಮ ಶೇಕಡಾ ಹದಿನೈದರ ನಿಯಮದ ದೆಸೆಯಿಂದ ಅಥಣಿ ತಾಲೂಕಿನ ಐಗಳಿಯಲ್ಲಿ ಒಬ್ಬ ಹೊಸ ಮದುವಣಗಿತ್ತಿ ತನ್ನ ಹೆಸರನ್ನೇ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದಾಳೆ. ಆ ಮದುವಣಗಿತ್ತಿ ನಾನೇ. ಮದುವೆಯಾಗಿ ಇಂದಿಗೆ ನಲವತ್ತೊಂದು ದಿನ. ಈ ನಲವತ್ತೊಂದು ದಿನಗಳಲ್ಲಿ ನಾನು ಎಷ್ಟು ಸುಖವಾಗಿದ್ದೇನೆಂದು ಬರೆಯಲು ಕೂತರೆ ದೂರು ಬರೆಯಲು ಹಾಳೆ ಉಳಿಯುವುದಿಲ್ಲ; ಆದ್ದರಿಂದ ಮೊದಲು ದೂರು.

ನಿಮ್ಮ ನಿಯಮ ಐಗಳಿಗೆ ಯಾಕೆ ಬಂತು, ಯಾರು ತಂದರು ಎಂದು ನೀವು ಕೇಳುತ್ತೀರಿ. ತಂದವಳೂ ನಾನೇ. ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ಈ ಗಡಿಭಾಗದಲ್ಲಿ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ಮದುಮಗ ತನ್ನ ಉಂಗುರದ ತುದಿಯಿಂದ ಅದರಲ್ಲಿ ಹೆಂಡತಿಯ ಹೊಸ ಹೆಸರು ಬರೆಯುವ ಪದ್ಧತಿ ಅನೇಕ ಮನೆಗಳಲ್ಲಿದೆ. ಬರೆದ ಮೇಲೆ ಹುಡುಗಿಯ ಹಳೆಯ ಹೆಸರು ತವರಿನಲ್ಲಿ ಉಳಿಯುತ್ತದೆ, ಹೊಸದು ಗಂಡನ ಮನೆಯಲ್ಲಿ ಶುರುವಾಗುತ್ತದೆ. ನನ್ನ ಅಮಿತ ಉಂಗುರ ಹಿಡಿದು ಅಕ್ಕಿಯ ಮೇಲೆ ಬಗ್ಗಿದಾಗ (ಆ ಕ್ಷಣದಲ್ಲಿ ಅವರ ಮುಖ ನೀವು ನೋಡಬೇಕಿತ್ತು, ಆದರೆ ಅದು ಬೇರೆ ಪತ್ರ) ನಾಲ್ಕು ದಿಕ್ಕಿನಿಂದ ನಾಲ್ಕು ಹೆಸರು ಕೇಳಿಬಂದವು. ಅತ್ತೆ ಪದ್ಮವ್ವನವರು ಅನ್ನಪೂರ್ಣಾ ಎಂದರು. ಮಾವನ ತಮ್ಮ ದುಂಡೇಶ ಕಾಕಾ ಭಾಗ್ಯಶ್ರೀ ಎಂದರು. ಅವರು ಟ್ರ್ಯಾಕ್ಟರ್ ತಂದು ಮುಂದೆ ಭಾಗ್ಯಶ್ರೀ ಎಂದು ಬರೆಸಿದ ವರ್ಷ ಕಬ್ಬು ಎರಡಾಳೆತ್ತರ ಬೆಳೆದಿತ್ತಂತೆ. ನಿಪ್ಪಾಣಿಯಿಂದ ಬಂದಿದ್ದ ಅಮಿತನ ಸೋದರತ್ತೆ ಗಂಗತ್ತಿ ಸಾನಿಕಾ ಎಂದರು. ನಾಲ್ಕನೆಯದಾಗಿ, ಯಾರೋ ಸಣ್ಣ ದನಿಯಲ್ಲಿ ಮನೀಷಾ ಎಂದರು. ಆ ಸಣ್ಣ ದನಿ ನನ್ನದು, ಹುಟ್ಟಿನಿಂದ ಬಂದ ಆ ಹೆಸರೂ ನನ್ನದೇ. ಜಗಳದಲ್ಲಿ ಮುಹೂರ್ತ ದಾಟಿತು. ಏನೂ ಬರೆಯದ ತಾಟಿಗೆ ಬಟ್ಟೆ ಮುಚ್ಚಿ ದೇವರ ಮನೆಯಲ್ಲಿಟ್ಟರು. ಅಂದಿನಿಂದ ಈ ಮನೆಯಲ್ಲಿ ನನ್ನನ್ನು ಕರೆಯುವುದು "ಏ ಹುಡುಗಿ" ಎಂದು. ಅಮಿತ ಮಾತ್ರ ಕಿವಿಯಲ್ಲಿ ಮನೀಷಾ ಎನ್ನುತ್ತಾರೆ, ಅದೂ ಸುತ್ತಮುತ್ತ ನೋಡಿಕೊಂಡು.

ನಾನು ಬೆಳಗಾವಿಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು, ಬಿ.ಎ.ಯಲ್ಲಿ ರಾಜ್ಯಶಾಸ್ತ್ರ. ಬೇರೆ ಹುಡುಗಿಯರು ಫೋನಿನಲ್ಲಿ ಸೀರೆ ನೋಡುತ್ತಿದ್ದಾಗ ನಾನು ನಿಮ್ಮ ಪ್ರೈಮರಿಗಳ ನಕ್ಷೆ ನೋಡುತ್ತಿದ್ದೆ. ಒಂದೊಂದು ರಾಜ್ಯಕ್ಕೆ ಒಂದೊಂದು ದಿನ, ಒಂದೊಂದು ರೀತಿ, ಕೊನೆಗೆ ಎಲ್ಲ ಪ್ರತಿನಿಧಿಗಳೂ ಒಂದೆಡೆ ಸೇರಿ ಪಕ್ಷದ ಅಭ್ಯರ್ಥಿಯ ಹೆಸರು ಆರಿಸುವುದು. ಇದಕ್ಕಿಂತ ಸುಂದರವಾದದ್ದು ಪ್ರಪಂಚದಲ್ಲಿಲ್ಲ ಎಂದುಕೊಂಡಿದ್ದೆ. ಮದುವೆಯಾದ ಆರನೇ ದಿನ ಊಟದ ಪಂಕ್ತಿಯಲ್ಲಿ ಅದನ್ನೇ ಹೇಳಿಬಿಟ್ಟೆ. ಜಗಳ ಬೇಡ, ಹೆಸರನ್ನು ಪ್ರೈಮರಿಯಿಂದ ಆರಿಸೋಣ. ಮಂದಿ ಮತ ಹಾಕುತ್ತಾರೆ, ಮತಕ್ಕೆ ತಕ್ಕಂತೆ ಪ್ರತಿನಿಧಿಗಳು ಹಂಚಿಕೆಯಾಗುತ್ತಾರೆ, ಆ ಪ್ರತಿನಿಧಿಗಳು ಸಮಾವೇಶದಲ್ಲಿ ಕೂತು ಹೆಸರು ಘೋಷಿಸುತ್ತಾರೆ. ಅಮಿತನ ಅಜ್ಜಿ, ನಾವೆಲ್ಲ ಆಯಿ ಎಂದು ಕರೆಯುವ ಅಕ್ಕವ್ವ, ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು: "ಒಮ್ಮೆ ಮಂದಿನ್ನ ಕೇಳಿ ಆತಲ್ಲ, ಮತ್ತ ಮ್ಯಾಲ ಬ್ಯಾರೆ ಮಂದಿನ್ನ ಕೂಡ್ರಸೂದ ಯಾಕ?"

ನಾನು ಇಪ್ಪತ್ತು ನಿಮಿಷ ಉತ್ತರ ಕೊಟ್ಟೆ. ಆಯಿ ಎರಡು ರೊಟ್ಟಿ ಮುಗಿಸಿದರು, ಪ್ರಶ್ನೆ ಹಾಗೇ ಉಳಿಯಿತು. ಮಾನ್ಯರೇ, ನಿಮ್ಮ ಬಳಿ ಇದಕ್ಕೆ ಚಿಕ್ಕ ಉತ್ತರವಿದ್ದರೆ ಈ ಪತ್ರದ ಜವಾಬಿನಲ್ಲಿ ಅದನ್ನೂ ಸೇರಿಸಿ.

ಸೊಸೈಟಿ ಚುನಾವಣೆಯಲ್ಲಿ ಮೂರು ಸಲ ಗೆದ್ದ ದುಂಡೇಶ ಕಾಕಾನಿಗೆ ಮಾತ್ರ ಈ ವ್ಯವಸ್ಥೆ ಕೇಳಿದೊಡನೆ ಹಿಡಿಸಿತು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಹೊಸ ಜೋಡಿಯನ್ನು ಬಳಗದವರು ಮನೆಮನೆಗೆ ಊಟಕ್ಕೆ ಕರೆಯುವ ದಿನಗಳವು. ನಮ್ಮ ಬಳಗ ಹರಡಿರುವುದು ಐದು ತಾಲೂಕುಗಳಲ್ಲಿ: ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ. ಐದು ತಾಲೂಕು, ಐದು ರಾಜ್ಯ. ಹೋದಲ್ಲೆಲ್ಲ ಊಟವಾದ ಮೇಲೆ ಮತದಾನ. ಒಟ್ಟು ನಲವತ್ತು ಪ್ರತಿನಿಧಿಗಳು, ಗೆಲ್ಲಲು ಇಪ್ಪತ್ತೊಂದು. ನಾಲ್ಕು ಹೆಸರಿಗೆ ನಾಲ್ಕು ತಂಬಿಗೆ. ಮತಪತ್ರದ ಬದಲು ತಲೆಗೊಂದು ಒಣದ್ರಾಕ್ಷಿ, ಏಕೆಂದರೆ ನಮ್ಮ ಮನೆಯಲ್ಲಿ ಕಾಗದಕ್ಕಿಂತ ಅದೇ ಹೆಚ್ಚು. ಮತ್ತು ನನ್ನ ಕೈಯಾರೆ ನಾನೇ ಬರೆದ ನಿಯಮ: ಶೇಕಡಾ ಹದಿನೈದಕ್ಕಿಂತ ಕಡಿಮೆ ಮತ ಪಡೆದ ಹೆಸರಿಗೆ ಅಲ್ಲಿ ಒಬ್ಬ ಪ್ರತಿನಿಧಿಯೂ ಇಲ್ಲ, ಆ ಮತಗಳನ್ನು ಬಿಟ್ಟು ಉಳಿದವರಿಗೆ ಹಂಚುವುದು. ಇದು ನಿಮ್ಮ ನಿಯಮ. ಸಾನಿಕಾ ಎಂಬ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಉತ್ಸಾಹದಿಂದ ಸೇರಿಸಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

ಮೊದಲ ಮತದಾನ ನಮ್ಮ ಐಗಳಿಯಲ್ಲೇ. ನೂರು ಮತ ಬಿದ್ದವು. ಮನೀಷಾ ತಂಬಿಗೆಯಲ್ಲಿ ಹದಿನಾಲ್ಕು ದ್ರಾಕ್ಷಿ. ಚುನಾವಣಾಧಿಕಾರಿ ನಿಷ್ಪಕ್ಷಪಾತಿಯಾಗಿರಬೇಕೆಂದು ನಾನು ಮತ ಹಾಕಿರಲಿಲ್ಲ. ಹಾಕಿದ್ದರೂ ನೂರ ಒಂದರಲ್ಲಿ ಹದಿನೈದು, ಅಂದರೆ ಹದಿನೈದಕ್ಕೆ ಇನ್ನೂ ಕೂದಲೆಳೆ ಕಡಿಮೆ. ಈ ಲೆಕ್ಕವನ್ನು ನಾನು ಏಳು ಸಲ ಮಾಡಿದ್ದೇನೆ. ಬೇಕಿದ್ದದ್ದು ಬೇರೆ ತಂಬಿಗೆಗೆ ಬಿದ್ದ ಒಂದೇ ಒಂದು ದ್ರಾಕ್ಷಿ ಈ ಕಡೆ ಬರುವುದು. ಕೋಣೆಗೆ ಬಂದು ಅಮಿತನನ್ನು ಕೇಳಿದೆ, ಯಾರಿಗೆ ಹಾಕಿದ್ರಿ ಎಂದು.

"ಅವ್ವಗ," ಅಂದರು. "ನೀ ಹೆಂಗೂ ಗೆಲ್ತಿ ಅನ್ಕೊಂಡ್ನಿ. ಅಕಿಗೂ ಒಂದೀಟ ಸಮಾಧಾನ ಇರ್ಲಿ ಅಂತ."

ಮೂರು ದಿನ ನಾನು ಅವರ ಜೊತೆ ಮಾತಾಡಲಿಲ್ಲ. ನಲವತ್ತೊಂದರಲ್ಲಿ ಮೂರು ದಿನವೆಂದರೆ ಶೇಕಡಾ ಏಳು. ನಿಮ್ಮ ನಿಯಮದ ಪ್ರಕಾರ ಆ ಜಗಳ ಲೆಕ್ಕಕ್ಕೇ ಬರುವುದಿಲ್ಲ. ಅವರು ತೋಟದಿಂದ ಮೊದಲ ದ್ರಾಕ್ಷಿ ಗೊಂಚಲು ತಂದುಕೊಟ್ಟ ದಿನ ನಾನೂ ಅದನ್ನು ಲೆಕ್ಕದಿಂದ ಬಿಟ್ಟೆ.

ರಾಯಬಾಗ ರಾಜ್ಯದ ಮತದಾನ ಮುಗಳಖೋಡದಲ್ಲಿ. ಎಣಿಕೆಗೆ ದುಂಡೇಶ ಕಾಕಾ ಕೂತರು. ನನ್ನ ತಂಬಿಗೆ ಮಗುಚಿ, ಒಂದು ದ್ರಾಕ್ಷಿ ಎತ್ತಿ ಬೆರಳಲ್ಲಿ ಒತ್ತಿ ನೋಡಿ ಬಾಯಿಗೆ ಹಾಕಿಕೊಂಡರು. ಅದು ಮತ ಎಂದು ನಾನು ಹೇಳುವಷ್ಟರಲ್ಲಿ ಕೆಲಸ ಮುಗಿದಿತ್ತು. "ಒಣಗೈತೋ ಇಲ್ಲೋ ನೋಡಿದ್ನಿವಾ," ಎಂದರು. ಮೂವತ್ತು ವರ್ಷ ದ್ರಾಕ್ಷಿ ಬೆಳೆದವರ ಕೈ ಅದು, ತಡೆಯಲಾಗದು. ಆದರೆ ಭಾಗ್ಯಶ್ರೀ ತಂಬಿಗೆಯ ಮೇಲೆ ಆ ಕೈ ಯಾಕೆ ಹೋಗಲಿಲ್ಲ? ಉಳಿದ ಐವತ್ತರಲ್ಲಿ ನನ್ನವು ಏಳು. ಶೇಕಡಾ ಹದಿನಾಲ್ಕು. ಚಿಕ್ಕೋಡಿಯಲ್ಲಿ ಎಪ್ಪತ್ತೈದಕ್ಕೆ ಹನ್ನೊಂದು, ಹದಿನಾಲ್ಕೂವರೆಯ ಮೇಲೆ. ಅದನ್ನು ಹದಿನೈದು ಎಂದುಕೊಳ್ಳೋಣ ಎಂದು ಕೈಮುಗಿದೆ. ಅಲ್ಲಿನವರು ನಾನೇ ಅನುವಾದಿಸಿಕೊಟ್ಟ ನಿಯಮವನ್ನು ನನಗೇ ಓದಿ ಹೇಳಿದರು: ಹತ್ತಿರ ಬಂದರೆ ಮುಟ್ಟಿದಂತಲ್ಲ.

ನಿಪ್ಪಾಣಿಯಲ್ಲಿ ನನಗೆ ನಲವತ್ತರಲ್ಲಿ ಒಂಬತ್ತು ಬಿದ್ದವು. ಹದಿನೈದು ದಾಟಿತೆಂದು ಕುಣಿಯುವುದೊಂದೇ ಬಾಕಿ. ಆಗ ಗಂಗತ್ತಿ ಎದ್ದು, ಅಮೆರಿಕದಲ್ಲಿ ಎರಡು ಪಕ್ಷಗಳಿವೆಯಲ್ಲವೇ, ಈ ಮನೆ ಇನ್ನೊಂದು ಪಕ್ಷ ಎಂದರು. ಆ ಇನ್ನೊಂದು ಪಕ್ಷದಲ್ಲಿ ಕೆಲವು ರಾಜ್ಯಗಳು ಅತಿ ಹೆಚ್ಚು ಮತ ಪಡೆದವರಿಗೇ ಎಲ್ಲ ಪ್ರತಿನಿಧಿಗಳನ್ನೂ ಕೊಡುತ್ತವೆಂದು ಅವರಿಗೆ ತಿಳಿದದ್ದು ಹೇಗೆ? ಉತ್ಸಾಹದಲ್ಲಿ ಫೋನಿನಲ್ಲಿ ವಿವರಿಸಿದವಳು ನಾನೇ. "ಜಿಂಕ್ಲಾ ತ್ಯಾಚಂ ಸಗಳಂ," ಗೆದ್ದವರದೇ ಎಲ್ಲ, ಎಂದು ಆರಕ್ಕೆ ಆರೂ ಪ್ರತಿನಿಧಿಗಳನ್ನು ಸಾನಿಕಾಗೆ ಬರೆದು, ನನ್ನ ಉಡಿ ತುಂಬಿ ಕಳಿಸಿದರು. ಕಾಗವಾಡ ತಾಲೂಕಿನ ಜುಗೂಳದಲ್ಲಿ ತಂಬಿಗೆಯೂ ಇಲ್ಲ. ನಿಮ್ಮ ಕೆಲವು ಕಡೆ ನಡೆಯುವಂತೆ ಒಂದೊಂದು ಹೆಸರಿನವರು ಅಂಗಳದ ಒಂದೊಂದು ಮೂಲೆಯಲ್ಲಿ ನಿಲ್ಲುವ ಪದ್ಧತಿ. ಮಧ್ಯಾಹ್ನ ಎರಡು ಗಂಟೆ. ಭಾಗ್ಯಶ್ರೀಯ ಮೂಲೆಯಲ್ಲಿ ಬೇವಿನ ಮರವಿತ್ತು. ನನ್ನ ಮೂಲೆಯಲ್ಲಿ ಮೂವರು ಹತ್ತು ನಿಮಿಷ ಬಿಸಿಲಲ್ಲಿ ನಿಂತರು, ಆಮೇಲೆ ಅವರೂ ನೆರಳಿಗೆ ಹೋದರು. ಜುಗೂಳದ ಆರೂ ಪ್ರತಿನಿಧಿಗಳು ಭಾಗ್ಯಶ್ರೀಗೆ ಬಂದರು. ಬೇವಿನ ಮರಕ್ಕೆ ಬಂದರು ಎಂದರೂ ತಪ್ಪಿಲ್ಲ.

ಈಗ ಹೇಳಿ. ಐದು ತಾಲೂಕು ಸೇರಿ ನಲವತ್ತನಾಲ್ಕು ಜನ ಈ ಹುಡುಗಿ ಮನೀಷಾ ಆಗಿಯೇ ಇರಲಿ ಎಂದರು. ಅವರಿಗೆ ಸಮಾವೇಶದಲ್ಲಿ ಎಷ್ಟು ಬಾಯಿ? ಸೊನ್ನೆ. ಆ ನಲವತ್ತನಾಲ್ಕು ಜನರ ಮಾತು ಎಲ್ಲಿಗೆ ಹೋಯಿತು? ನಿಮ್ಮ ಕಚೇರಿಯಲ್ಲಿ ಇಂಥ ಹದಿನಾಲ್ಕು ಶೇಕಡಾಗಳನ್ನು ಇಡುವ ಕಪಾಟು ಏನಾದರೂ ಇದೆಯೇ? ಸಣ್ಣ ಅಭ್ಯರ್ಥಿಗಳ ಗದ್ದಲ ಬೇಡವೆಂದು ಈ ನಿಯಮ ಮಾಡಿದಿರಿ, ಸರಿ. ಆದರೆ ಚುನಾವಣೆ ಯಾರ ಹೆಸರಿನದೋ ಆಕೆಯೇ ಸಣ್ಣ ಅಭ್ಯರ್ಥಿಯಾದರೆ?

ಸಮಾವೇಶ ನಮ್ಮ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಸೇರಿತು. ಭಾಗ್ಯಶ್ರೀ ಹದಿನೈದು, ಅನ್ನಪೂರ್ಣಾ ಹದಿನಾಲ್ಕು, ಸಾನಿಕಾ ಹನ್ನೊಂದು. ಇಪ್ಪತ್ತೊಂದು ಯಾರಿಗೂ ಇಲ್ಲ. ಸೋತು ಕೂತಿದ್ದರೂ ಅಧಿಕಾರಿ ನಾನೇ ಆದ್ದರಿಂದ ಮುಂದಿನ ನಿಯಮವನ್ನು ಓದಿದೆ: ಎರಡನೇ ಸುತ್ತಿನಲ್ಲಿ ಪ್ರತಿನಿಧಿಗಳು ತಮ್ಮ ಮಾತಿನಿಂದ ಬಿಡುಗಡೆ, ಮತ್ತು ಮೊದಲ ಸುತ್ತಿನಲ್ಲಿ ಸುಮ್ಮನಿರಬೇಕಾದ ಹಿರಿಯರೂ ಇನ್ನು ಮತ ಹಾಕಬಹುದು. ನಮ್ಮಲ್ಲಿ ಅಂಥ ಹಿರಿಯರು ಒಬ್ಬರೇ, ಆಯಿ. ಅತ್ತೆ, ಕಾಕಾ, ಗಂಗತ್ತಿ ಮೂವರೂ ಅವರ ಕಡೆ ಓಡಿದರು. ಒಬ್ಬರು ನೀರು, ಒಬ್ಬರು ಎಲೆ ಅಡಿಕೆ, ಒಬ್ಬರು ಬೆನ್ನಿಗೆ ದಿಂಬು. ಆಯಿ ಮೂರನ್ನೂ ತೆಗೆದುಕೊಂಡರು.

"ಮೊದಲನೇ ಸುತ್ತಿನ್ಯಾಗ ಸುಮ್ಮ ಕುಂಡ್ರ ಅಂದ್ರಿ, ಕುಂತ್ನಿ," ಎಂದರು. "ಅರವತ್ತೆರಡ ವರ್ಷ ಕುಂತ್ನಿ. ಈ ಮನಿಗಿ ಬರೂಮುಂದ ನನ್ನ ಹೆಸರ ಕಾಳವ್ವ ಇತ್ತ. ಅಕ್ಕ್ಯಾಗ ಬರದು ಅಕ್ಕವ್ವ ಮಾಡಿದ್ರು. ನನ್ನ ಯಾರೂ ಕೇಳಲಿಲ್ಲ. ನನ್ನ ಓಟ ಕಾಳವ್ವಗ."

ಯಾವ ಪ್ರೈಮರಿಯಲ್ಲೂ ನಿಲ್ಲದ ಹೆಸರನ್ನು ಎರಡನೇ ಸುತ್ತಿನಲ್ಲಿ ತರಬಹುದೇ ಎಂದು ಕಾಕಾ ನನ್ನನ್ನು ಕೇಳಿದರು. ತರಬಹುದು ಎಂದೆ, ನಿಮ್ಮ ಇತಿಹಾಸದಲ್ಲಿ ಹಾಗೂ ಆಗಿದೆ. ಆಯಿಯ ಎದುರು ಕೈ ಎತ್ತದೆ ಇರುವ ಧೈರ್ಯ ಐದು ತಾಲೂಕಿನಲ್ಲಿ ಯಾರಿಗೂ ಇರಲಿಲ್ಲ. ನಲವತ್ತಕ್ಕೆ ನಲವತ್ತು, ಕಾಳವ್ವ.

ಅತ್ತೆ ಮೆಲ್ಲಗೆ, ಹಂಗಾರ ಸೊಸಿಗಿ ಕಾಳವ್ವ ಅಂತ ಇಡೂದೇನ್ರಿ, ಎಂದು ಕೇಳಿದರು.

"ಅಕಿಗ್ಯಾಕ ಬೇ?" ಎಂದರು ಆಯಿ. "ಅಕಿಗಿ ಹೆಸರ ಐತೆಲ್ಲ. ಇದು ನಂದು. ನನಗ ಬೇಕು."

ಅಂದೇ ದೇವರ ಮನೆಯಿಂದ ತಾಟು ತಂದು, ಅಮಿತ ಉಂಗುರದ ತುದಿಯಿಂದ ಅಕ್ಕಿಯಲ್ಲಿ ಕಾಳವ್ವ ಎಂದು ಬರೆದರು. ಆಯಿಗೆ ಓದಲು ಬಾರದು. ನನ್ನನ್ನು ಪಕ್ಕಕ್ಕೆ ಕರೆದು ಓದು ಎಂದರು. ಓದಿದೆ. ಇನ್ನೊಮ್ಮೆ ಎಂದರು. ಈಗ ದಿನಕ್ಕೆರಡು ಸಲ ಓದುತ್ತೇನೆ, ಮತ್ತು ಆ ಅಕ್ಕಿಯನ್ನು ಯಾರೂ ಮುಟ್ಟುವಂತಿಲ್ಲ. ಅಂದರೆ ನನಗೆ ಹೊಸ ಹೆಸರು ಬರೆಯಲು ತಾಟು ಖಾಲಿ ಇಲ್ಲ. ನಿಮ್ಮ ಎಲ್ಲ ನಿಯಮಗಳೂ ಸೇರಿ ನನಗೆ ಕೊಡದ ರಕ್ಷಣೆಯನ್ನು ಒಂದು ತಾಟು ಕೊಟ್ಟಿದೆ.

ಆದರೆ ಮಾನ್ಯರೇ, ತಾಟುಗಳು ಅಂಗಡಿಯಲ್ಲಿ ಸಿಗುತ್ತವೆ. ಅತ್ತೆ ನಿನ್ನೆ ಅಥಣಿಯಿಂದ ಹೊಸದೊಂದು ತಂದಿದ್ದಾರೆ. ಸೋಮವಾರ ಸಮಾವೇಶವನ್ನು ಮತ್ತೆ ಕೂಡಿಸಿ ಮೂರನೇ ಸುತ್ತು ಮಾಡೋಣ ಎನ್ನುತ್ತಿದ್ದಾರೆ. ಕಾಕಾ ಆಗಲೇ ಟ್ರ್ಯಾಕ್ಟರ್ ತೊಳೆಸಿದ್ದಾರೆ. ಮುಗಿದ ಸಮಾವೇಶವನ್ನು ಬಿಚ್ಚಲು ಬರುವುದಿಲ್ಲ, ಮುಂದಿನದು ನಾಲ್ಕು ವರ್ಷಕ್ಕೆ ಎಂದು ನಾನು ಹೇಳಿದರೆ, ನಿನಗೆ ಬೇಕಾದಂಗ ಹೇಳ್ತಿ ಎನ್ನುತ್ತಾರೆ. ಸೊಸೈಟಿಯಲ್ಲಿ ಐದು ವರ್ಷಕ್ಕೊಮ್ಮೆ ಚುನಾವಣೆ ಕಂಡ ಕಾಕಾ, ನಾಲ್ಕೇ ಯಾಕೆ ಎಂದು ಬೇರೆ ಕೇಳುತ್ತಾರೆ.

ಆದ್ದರಿಂದ ಸೋಮವಾರದೊಳಗೆ ನನಗೆ ತಮ್ಮ ಕಚೇರಿಯ ಮೊಹರು ಹಾಕಿದ ಒಂದು ಹಾಳೆ ಬೇಕು. ಅದರಲ್ಲಿ ಮೂರು ಸಾಲು ಸಾಕು: ಐಗಳಿಯ ಸಮಾವೇಶ ಮುಗಿದಿದೆ, ನಾಲ್ಕು ವರ್ಷ ಯಾರೂ ಹೊಸ ತಾಟು ತರುವಂತಿಲ್ಲ, ಮತ್ತು ಯಾರ ಹೆಸರನ್ನು ಆರಿಸಲಾಗುತ್ತಿದೆಯೋ ಆಕೆಗೆ ಹದಿನೈದರ ಮಿತಿ ಅನ್ವಯಿಸದು. ಕನ್ನಡದಲ್ಲಿ ಬರೆಯಲು ಆಗದಿದ್ದರೆ ಇಂಗ್ಲಿಷಿನಲ್ಲೇ ಬರೆಯಿರಿ. ಮನೆಯಲ್ಲಿ ಅನುವಾದ ಮಾಡುವವಳು ನಾನೇ, ಈ ಸಲ ಎಚ್ಚರಿಕೆಯಿಂದ ಮಾಡುತ್ತೇನೆ.

ಇಂತಿ, ನಿಮ್ಮ ನಿಯಮಗಳನ್ನು ಒಂದು ಕಾಲದಲ್ಲಿ ಪ್ರೀತಿಸಿದ,
ಸೋಮವಾರದವರೆಗಂತೂ
ಮನೀಷಾ
ಐಗಳಿ

ಸಾಕ್ಷಿ: ಕಾಳವ್ವ, ಎಡಗೈ ಹೆಬ್ಬೆಟ್ಟು. ಅರವತ್ತೆರಡು ವರ್ಷಗಳ ನಂತರ ಈ ಹೆಸರಿನ ಕೆಳಗೆ ಇದು ಮೊದಲನೆಯದು.