ಮೆತ್ಸಮೋರಿಗೆ ಕರೆಂಟು ಬಂದ ಮೇಲೆ

ಮೆತ್ಸಮೋರ್, ಆರ್ಮೇನಿಯಾ
ಡಿಸೆಂಬರ್ 2, 1995

ನನ್ನ ಮುದ್ದಿನ ಮಾನುಶ್,

ನೀನೂ ಗ್ರಿಶನೂ ಕ್ರಸ್ನೊದಾರಿನಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಸೆಪ್ಟೆಂಬರಿನಲ್ಲಿ ಬಂದ ನಿನ್ನ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಸಿಟ್ಟು ಮಾಡಿಕೊಳ್ಳಬೇಡ. ಕೆಲಸ ಜಾಸ್ತಿಯಿತ್ತು ಎಂದರೆ ನೀನು ನಂಬುವವಳಲ್ಲ. ಎಷ್ಟೋ ಸಲ ಬರೆಯಲು ಕೂತು ಹಾಗೇ ಎದ್ದೆ. ದಣಿದಿದ್ದೇನೆ ಕಣೇ. ಮೈಯ ದಣಿವಾದರೆ ನಿದ್ದೆ ಮಾಡಿದರೆ ಹೋಗುತ್ತದೆ. ಇದು ಆ ಥರದ್ದಲ್ಲ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನಮ್ಮ ಅಣು ವಿದ್ಯುತ್ ಸ್ಥಾವರ ಮತ್ತೆ ಶುರುವಾಯಿತು. ಆರು ವರ್ಷ ಸತ್ತಂತೆ ನಿಂತಿದ್ದ ಆ ದೊಡ್ಡ ಗೋಪುರಗಳಿಂದ ಹೋದ ತಿಂಗಳು ಬಿಳಿ ಆವಿ ಎದ್ದಿತು. ನಮ್ಮ ಶಿಶುವಿಹಾರದ ಮಕ್ಕಳು ಕಿಟಕಿಗೆ ಮುಗಿಬಿದ್ದು "ಹೆಘ್ನಾರ್ ಆಂಟಿ, ಬೆಂಕಿ ಬಿದ್ದಿದೆ!" ಎಂದು ಕೂಗಿದವು. ಪಾಪ, ಅವುಗಳಿಗೆ ಆ ಗೋಪುರ ಉಸಿರಾಡುವುದನ್ನು ನೋಡಿಯೇ ಗೊತ್ತಿಲ್ಲ. ನಾನು ಸೌಟು ಕೆಳಗಿಟ್ಟು, "ಬೆಂಕಿ ಅಲ್ಲ ಕಣ್ರೋ, ಅದು ನೀರಿನ ಹಬೆ, ಚಹಾ ಕಾಯ್ಸಿದ ಹಾಗೆ" ಎಂದೆ. ಹೇಳಿದವಳಿಗೇ ಅದು ಪೂರ್ತಿ ನಿಜ ಅನ್ನಿಸಲಿಲ್ಲ.

ಅಡುಗೆಮನೆ ಕಿಟಕಿಯಿಂದ ಹೊಗೆಕೊಳವೆ ತೆಗೆಸಿ ಗಾಜು ಹಾಕಿಸಿದ್ದೇವೆ. ತಗಡಿನ ಒಲೆಯನ್ನು ಗುಜರಿಗೆ ಹಾಕೋಣವೆಂದು ನಿನ್ನ ಭಾವ ಸುರೆನ್ ಹೇಳಿದ, ನಾನು ಬಿಡಲಿಲ್ಲ. ಬಾಲ್ಕನಿಯಲ್ಲಿ ಇರಲಿ, ಯಾರಿಗೆ ಗೊತ್ತು. ಕರೆಂಟಿಲ್ಲದ ಆ ಚಳಿಗಾಲಗಳಲ್ಲಿ ಅದರ ಹೊಟ್ಟೆಗೆ ಏನೇನು ಹಾಕಲಿಲ್ಲ ನಾವು! ಅಂಗಳದ ಪಾಪ್ಲರ್ ಮರ, ನೆಲದ ಹಲಗೆ, ಅಪ್ಪನ ಬೂಟು. ಕೊನೆಗೆ ಪುಸ್ತಕದ ಕಪಾಟು, ಆಮೇಲೆ ಅದರೊಳಗಿನ ಪುಸ್ತಕ.

ಕೆಳಮನೆಯ ಸಿರಾನುಷ್ ಅಜ್ಜಿಗೆ ಹಬ್ಬವೋ ಹಬ್ಬ. ದೀಪವನ್ನು ಆರಿಸುವುದೇ ಇಲ್ಲ, ಹಗಲಲ್ಲೂ. ಮೊನ್ನೆ ಅಂಗಳದಲ್ಲಿ ಭೌತಶಾಸ್ತ್ರದ ಮೇಷ್ಟ್ರು ಹ್ಮಾಯಕ್ ಅವರನ್ನು ಹಿಡಿದು ಜಗಳಕ್ಕೇ ನಿಂತಳು. ಸ್ಥಾವರ ಮುಚ್ಚಬೇಕೆಂದು ಹಿಂದೆ ಯೆರೆವಾನಿನ ಬೀದಿಯಲ್ಲಿ ಮೆರವಣಿಗೆ ಹೋದವರು ಮೇಷ್ಟ್ರು.

"ಏನ್ ಮೇಷ್ಟ್ರೇ, ಈಗ ನಿಮ್ಮನೇಲೂ ಬಲ್ಬ್ ಉರೀತಿದೆಯಲ್ಲ? ಬೇಡ ಅಂತ ಕಿತ್ತು ಬಿಸಾಕಿ ನೋಡೋಣ!"

"ಉರೀತಿದೆ ಅಜ್ಜಿ. ಅದರ ಕೆಳಗೆ ಕೂತು ಹೆದರ್ತಾನೂ ಇದ್ದೀನಿ."

"ಭೂಮಿ ನಡುಗಿದ್ರೆ ಒಂದೇ ಸಲ ಸಾಯ್ತೀವಿ ಬಿಡಿ. ಚಳೀಲಿ ದಿನಾ ಸಾಯ್ತಿದ್ವಲ್ಲ, ಅದು ಚೆನ್ನಾಗಿತ್ತಾ?"

"ಒಂದೇ ಸಲ ಸಾಯೋದಾದ್ರೆ ನಾನೂ ಸುಮ್ಮನಿರ್ತಿದ್ದೆ ಅಜ್ಜಿ. ಇದು ಹಂಗಲ್ಲ. ಮೊಮ್ಮಕ್ಕಳವರೆಗೂ ಸಾಯಿಸುತ್ತೆ, ನೆಲಾನೂ ಸಾಯಿಸುತ್ತೆ. ಆಮೇಲೆ ಏಪ್ರಿಕಾಟ್ ಎಲ್ಲಿ ಬೆಳೀತೀರಿ?"

"ಏಪ್ರಿಕಾಟ್ ಮರ ಎಲ್ಲಿದೆ ಮೇಷ್ಟ್ರೇ? ನೀವೇ ಕಡಿದು ಸುಟ್ರಲ್ಲ!"

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಆಮೇಲೆ ಅಜ್ಜಿಯ ಹಿಟ್ಟಿನ ಚೀಲವನ್ನು ಮೇಷ್ಟ್ರೇ ಹೆಗಲಿಗೆ ಹಾಕಿಕೊಂಡು ಮನೆಗೆ ಹೊತ್ತೊಯ್ದರು. ಇಬ್ಬರ ಮಾತೂ ನನಗೆ ಸರಿಯೆನಿಸುತ್ತದೆ, ಮಾನುಶ್. ದಣಿದಿದ್ದೇನೆ ಎಂದೆನಲ್ಲ, ಅದು ಇದರಿಂದಲೇ.

ಈಗ ನಿನ್ನ ಪತ್ರಕ್ಕೆ ಬರುತ್ತೇನೆ. "ಲೆನಿನಾಕಾನಿನಲ್ಲಿ ನೆಲ ಏನು ಮಾಡ್ತು ಅಂತ ಕಣ್ಣಾರೆ ಕಂಡವಳು ನಾನು. ಅದೇ ನೆಲದ ಮೇಲೆ ಆ ದೆವ್ವಾನ ಮತ್ತೆ ಎಬ್ಬಿಸ್ತಾ ಇದ್ದಾನಲ್ಲ ನಿನ್ನ ಗಂಡ, ಸಂಬಳದ ಆಸೆಗೆ!" ಎಂದು ಬರೆದಿದ್ದೀಯ. ನಿನಗೆ ಹಾಗೆ ಬರೆಯುವ ಹಕ್ಕಿದೆ. ಶಾಲೆಯ ಗೋಡೆಯಡಿಯಿಂದ ನಿನ್ನ ಮಗಳು ನಾಜೆಲಿಯ ದೇಹವನ್ನು ಎತ್ತಿಕೊಂಡು ಬಂದವಳು ನೀನು. ಡಿಸೆಂಬರ್ ಏಳು ಬಂತೆಂದರೆ ನನಗೇ ಯಾವ ಕೆಲಸವೂ ಸಾಗುವುದಿಲ್ಲ, ನಿನ್ನ ಗತಿ ಹೇಗಿರಬೇಡ. ಆ ಭೂಕಂಪದ ಭಯಕ್ಕೇ ಸ್ಥಾವರ ಮುಚ್ಚಿದರು. ಆಗ ನಾನೂ ಒಳ್ಳೆಯದಾಯಿತು ಎಂದುಕೊಂಡಿದ್ದೆ. ಮುಚ್ಚಿದ ಮೇಲೆ ಯುದ್ಧ ಬಂತು, ದಾರಿಗಳೆಲ್ಲ ಬಂದಾದವು, ಗ್ಯಾಸ್ ನಿಂತಿತು, ಕತ್ತಲೆ ಬಂತು. ನೀವು ಅಷ್ಟರಲ್ಲಿ ರಷ್ಯಾಕ್ಕೆ ಹೊರಟುಹೋಗಿದ್ದಿರಿ.

ನಿನ್ನಿಂದ ಮುಚ್ಚಿಡುವುದಿಲ್ಲ, ಹೋದ ವಾರ ಇಲ್ಲೂ ನಡುಗಿತು. ದೊಡ್ಡದೇನಲ್ಲ. ಮಧ್ಯಾಹ್ನ ಮಕ್ಕಳಿಗೆ ಸೂಪು ಬಡಿಸುತ್ತಿದ್ದೆ, ತಟ್ಟೆಗಳು ಒಂದಕ್ಕೊಂದು ತಾಗಿ ಕಟಕಟ ಎಂದವು. ಮಕ್ಕಳನ್ನು ಬಾಚಿಕೊಂಡು ಅಂಗಳಕ್ಕೆ ಓಡಿದೆವು. ಇಡೀ ಊರು ಹೊರಗೆ ಬಂದಿತ್ತು. ಆದರೆ ಯಾರೊಬ್ಬರೂ ತಿರುಗಿ ತಮ್ಮ ಮನೆ ನೋಡಲಿಲ್ಲ, ಎಲ್ಲರ ಕಣ್ಣೂ ಗೋಪುರದ ಕಡೆಗೇ. ಆವಿ ಏಳುತ್ತಲೇ ಇತ್ತು. ಅದು ನಿಲ್ಲದಿದ್ದರೆ ಒಳ್ಳೆಯದೋ, ನಿಂತರೆ ಒಳ್ಳೆಯದೋ, ನಮಗೇನು ಗೊತ್ತು? ಸುರೆನ್ ಒಳಗೆ ಪಾಳಿಯಲ್ಲಿದ್ದ.

ಸಂಜೆ ಬಂದ. ಕೈ ತೊಳೆದು ಊಟಕ್ಕೆ ಕೂತ. ಲವಾಶ್ ರೊಟ್ಟಿಯನ್ನು ಚೂರು ಚೂರು ಮಾಡಿದ, ಬಾಯಿಗಿಡಲಿಲ್ಲ.

"ಹೆದರಿಕೆ ಆಯ್ತಾ?" ಎಂದೆ.

"ಆಗದೆ ಇರುತ್ತಾ? ಎಲ್ಲರೂ ಗೋಡೆ ಮೇಲಿನ ಮೀಟರಿನ ಮುಳ್ಳು ನೋಡ್ತಾ ನಿಂತಿದ್ವಿ. ಒಬ್ಬನೂ ಜಾಗ ಬಿಟ್ಟು ಕದಲಲಿಲ್ಲ."

"ನಿಜ ಹೇಳು ಸುರೆನ್. ಅದು ಗಟ್ಟಿ ಇದೆಯಾ?"

ರೊಟ್ಟಿಯ ಚೂರುಗಳನ್ನು ತಟ್ಟೆಯ ಅಂಚಿಗೆ ಸರಿಸಿದ. "ನಮ್ಮ ಕೈಲಾಗೋ ಅಷ್ಟು ಗಟ್ಟಿ ಮಾಡಿದ್ದೀವಿ. ನೆಲದ ಮನಸ್ಸಲ್ಲಿ ಏನಿದೆ ಅಂತ ನನ್ನ ಕೇಳಬೇಡ ಹೆಘ್ನಾರ್. ಅದಕ್ಕೇ ತಾನೆ ಆ ಮಾತ್ರೆ ತಂದಿಟ್ಟಿರೋದು." ಸಕ್ಕರೆ ಡಬ್ಬಿಯ ಪಕ್ಕದಲ್ಲಿ, ವಿಕಿರಣ ಸೋರಿದರೆ ನುಂಗಲೆಂದು, ಅಯೋಡಿನ್ ಮಾತ್ರೆಗಳಿವೆ. ದಿನಾ ಬೆಳಿಗ್ಗೆ ಸಕ್ಕರೆಗೆ ಕೈ ಹಾಕುವಾಗ ಅವು ಬೆರಳಿಗೆ ತಾಗುತ್ತವೆ.

ನಮ್ಮನ್ನು ಅಲ್ಲಿಗೆ ಕರೆದಿದ್ದೀಯ, ಒಂದು ಕೋಣೆ ಖಾಲಿಯಿದೆ, ಗ್ರಿಶ ಕೆಲಸ ಹುಡುಕಿಕೊಡುತ್ತಾನೆ ಎಂದಿದ್ದೀಯ. ನಿನ್ನ ಹೊಟ್ಟೆ ತಣ್ಣಗಿರಲಿ. ಆದರೆ ನಾವು ಬರುವುದಿಲ್ಲ. ಸುರೆನ್ ಬರುವುದಿಲ್ಲ ಎಂದಲ್ಲ, ನಾನೇ ಬರುವುದಿಲ್ಲ.

ಹೊಸ ವರ್ಷ ನಿಮಗೆ ಒಳ್ಳೆಯದು ತರಲಿ. ಮಂಡಿನೋವಿಗೆ ಉಣ್ಣೆಬಟ್ಟೆ ಸುತ್ತಿಕೋ, ನಿರ್ಲಕ್ಷ್ಯ ಮಾಡಬೇಡ. ಒಣಗಿಸಿದ ಏಪ್ರಿಕಾಟ್ ಒಂದು ಚೀಲ ಕಳಿಸುತ್ತಿದ್ದೇನೆ, ಕೊಂಡದ್ದು. ದೇವರು ನಿಮ್ಮಿಬ್ಬರನ್ನೂ ಬೆಚ್ಚಗಿಡಲಿ. ನಿನ್ನ ನೋವೆಲ್ಲ ನನಗಿರಲಿ, ತಂಗೀ.

ಯಾವತ್ತೂ ನಿನ್ನವಳೇ ಆದ ಅಕ್ಕ,
ಹೆಘ್ನಾರ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನ್ನ ಪತ್ರದ ಕೊನೆಯಲ್ಲಿ ಇನ್ನೊಂದು ಮಾತಿತ್ತು: "ಮಗೂನ ಮಣ್ಣಿಗೆ ಕೊಟ್ಟವಳಿಗೇ ಗೊತ್ತು ಅಕ್ಕಾ, ಬಂಜೆಗೆ ಏನು ಗೊತ್ತು?" ನೀನು ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ. ನಿನಗೆ ತಿಳಿದಿರಲಿಲ್ಲ, ಯಾಕೆಂದರೆ ನಾನು ಹೇಳಿರಲಿಲ್ಲ.

ತೊಂಬತ್ತಮೂರರ ಜನವರಿಯಲ್ಲಿ ನನಗೊಂದು ಹೆಣ್ಣುಮಗು ಹುಟ್ಟಿತು. ಇಷ್ಟು ವರ್ಷದ ಮೇಲೆ, ನಲವತ್ತು ದಾಟಿದ ಮೇಲೆ. ತಿಂಗಳು ತುಂಬಿರಲಿಲ್ಲ, ಅಂಗೈಯಗಲ ಇದ್ದಳು. ಆಸ್ಪತ್ರೆಯಲ್ಲಿ ಮಗುವನ್ನು ಬೆಚ್ಚಗಿಡುವ ಪೆಟ್ಟಿಗೆಯಿತ್ತು, ಕರೆಂಟು ಇರಲಿಲ್ಲ. ದಿನಕ್ಕೆ ಒಂದು ಗಂಟೆ ಬಂದರೆ ಬಂತು. ದಾದಿಯರು ಸೀಸೆಗಳಲ್ಲಿ ಬಿಸಿನೀರು ತುಂಬಿ ಪಕ್ಕಕ್ಕಿಟ್ಟರು, ನಾನು ಎದೆಗೆ ಕಟ್ಟಿಕೊಂಡು ಕೂತೆ. ಒಂದು ವಾರ ತಡೆದಳು. ಅವಳಿಗೆ ನಾಜೆಲಿ ಎಂದೇ ಹೆಸರಿಟ್ಟಿದ್ದೆ. ಆ ಹೆಸರನ್ನು ನೀನು ಎರಡನೇ ಸಲ ಹೂಳುವುದು ಬೇಡವೆಂದು ನಿನಗೆ ಬರೆಯಲಿಲ್ಲ. ಅವಳು ಇಲ್ಲೇ ಊರಾಚೆ ಮಲಗಿದ್ದಾಳೆ, ಅಮ್ಮನ ಪಕ್ಕ.

ಸುರೆನ್ ಆಗ ರಷ್ಯಾದಲ್ಲಿ, ವೋಲ್ಗಾ ದಂಡೆಯ ಸ್ಥಾವರದಲ್ಲಿ ಕೆಲಸಕ್ಕಿದ್ದನಲ್ಲ, ಅಲ್ಲಿಂದ ಬರಲು ರೈಲಿರಲಿಲ್ಲ. ಬಂದಾಗ ಎಲ್ಲ ಮುಗಿದಿತ್ತು. ನೆಟ್ಟಗೆ ಆಸ್ಪತ್ರೆಗೆ ಹೋಗಿ ದಾದಿಯನ್ನು ಕೇಳಿದ, "ಕರೆಂಟ್ ಇದ್ದಿದ್ರೆ ಉಳೀತಿತ್ತಾ?" ಆಕೆ ತಲೆ ತಗ್ಗಿಸಿ, "ಹೆಂಗೆ ಹೇಳ್ಲಿ ಸುರೆನ್ ಅಣ್ಣ" ಎಂದಳಂತೆ. ಅವನು ವೋಲ್ಗಾಕ್ಕೆ ಮರಳಲಿಲ್ಲ. ವಸಂತದಲ್ಲಿ ಸ್ಥಾವರವನ್ನು ಮತ್ತೆ ತೆರೆಯುತ್ತಾರೆಂದು ಸುದ್ದಿ ಬಂದ ದಿನವೇ ಹೋಗಿ ಹೆಸರು ಬರೆಸಿ ಬಂದ. ಸಂಬಳ ಎಷ್ಟೆಂದು ಕೇಳಿಕೊಂಡಿರಲಿಲ್ಲ.

ಅವನು ಮಾಡುತ್ತಿರುವುದು ಸರಿಯೋ ತಪ್ಪೋ ನನಗಿನ್ನೂ ಗೊತ್ತಿಲ್ಲ, ಮಾನುಶ್. ನಿನಗೆ ಬೈಯಬೇಕು ಅನ್ನಿಸಿದರೆ ನನಗೆ ಬೈದು ಬರೆ. ಅವನಿಗೆ ಮಾತ್ರ ಬೇಡ.